ಹಂಬಿಸ್ ನುಂಗಿದ ಸಂತ

ನಮ್ಮ ಊರಿನ ಇತಿಹಾಸದಲ್ಲಿ ಸಂತನನ್ನು ನುಂಗಿದ ಕೀರ್ತಿ ಹಂಬಿಸ್ ಒಬ್ಬನಿಗೇ ಸಲ್ಲಬೇಕು. ಸಂತರ ಹೆಸರು ಹೇಳಿ ಊಟ ನುಂಗಿದವರು ಇದ್ದಾರೆ, ಹೊಲ ನುಂಗಿದವರೂ ಇದ್ದಾರೆ. ಖುದ್ದು ಸಂತನನ್ನೇ, ಅದೂ ಹೊಸ ವರ್ಷದ ದಿನ, ಹೆಂಡತಿಯ ಮತ್ತು ಅತ್ತೆಯ ಎದುರಿಗೆ, ಒಂದು ಗುಟುಕು ನೀರೂ ಇಲ್ಲದೆ ನುಂಗಿದವನು ಇವನೊಬ್ಬನೇ. ಆ ಹೊತ್ತಿಗೆ ನಾನು ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆದ್ದರಿಂದ ಈ ವಿಷಯದಲ್ಲಿ ಮಾತಾಡುವ ಅಧಿಕಾರ ನನಗಿದೆ, ಊರವರು ಹೇಳುವ ಬೇರೆ ಕಥೆಗಳನ್ನು ನಂಬಬೇಡಿ.

ನಮ್ಮ ಊರು ಕಾತೋ ಮಿರ್ಸಿನಿಯಲ್ಲಿ ಚರ್ಚಿನ ಕೆಳಗಿರುವ ಕಾಫಿ ಅಂಗಡಿ ನನ್ನದು. ಊರಿಗೂ ಲೆಮೆಸೋಸ್ ಪೇಟೆಗೂ ದಿನಕ್ಕೆರಡು ಸಲ ಓಡಾಡುವ ಒಂದೇ ಒಂದು ಬಸ್ಸು ಹಂಬಿಸನದು. ಅವನ ಮದುವೆಯಲ್ಲಿ ಸಾಕ್ಷಿಯಾಗಿ ನಿಂತು ಗಂಡು ಹೆಣ್ಣಿನ ತಲೆಯ ಮೇಲೆ ಹೂಕಿರೀಟ ಅದಲು ಬದಲು ಮಾಡಿದವನು ನಾನೇ. ಅಂದಿನಿಂದ ಅವನಿಗೆ ಬುದ್ಧಿ ಹೇಳುವ ಕೆಲಸವೂ ನನ್ನ ಪಾಲಿಗೇ ಬಂದಿದೆ.

ಹಂಬಿಸ್ ಮನೆಅಳಿಯ. ನಮ್ಮ ಕಡೆ ಹೆಣ್ಣಿನ ಜೊತೆ ಮನೆಯೂ ಬರುವುದು ವಾಡಿಕೆ, ಹಾಗೆ ನೋಡಿದರೆ ಊರ ಗಂಡಸರೆಲ್ಲ ಒಂದು ಬಗೆಯ ಮನೆಅಳಿಯಂದಿರೇ. ಆದರೆ ಉಳಿದವರ ಮಾವಂದಿರು ಬೇರೆ ಮನೆ ಕಟ್ಟಿಸಿಕೊಟ್ಟರು. ಹಂಬಿಸನ ಮಾವ ಯೋರ್ಕಿಸ್ ತನ್ನ ಮನೆಯಲ್ಲೇ ಎರಡು ಕೋಣೆ ಬಿಟ್ಟುಕೊಟ್ಟ. ಕೂರುವ ಕುರ್ಚಿ ಅತ್ತೆಯದು, ಮಲಗುವ ಮಂಚ ಅತ್ತೆಯ ತಾಯಿಯದು, ಬಸ್ಸು ಕೂಡ ಮಾವನ ದ್ರಾಕ್ಷಿ ತೋಟ ಮಾರಿ ತಂದದ್ದು. ಅತ್ತೆ ಥೆಕ್ಲಜ್ಜಿಯಂತೂ ಮೂವತ್ತೊಂದು ವರ್ಷದಿಂದ ಅವನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದಳು. "ಅಳಿಯಂದಿರೇ, ಸ್ವಲ್ಪ ಕಾಲು ಎತ್ತಿ, ಗುಡಿಸಬೇಕು" ಎಂದು ಅವಳು ಅಂದರೆ ಆ ಗೌರವಕ್ಕೆ ಹೆದರಿ ಹಂಬಿಸ್ ಕುರ್ಚಿಯನ್ನೇ ಬಿಟ್ಟು ನನ್ನ ಅಂಗಡಿಗೆ ಬಂದುಬಿಡುತ್ತಿದ್ದ.

ಇಂಥವನು ಕಾಫಿ ಅಂಗಡಿಯಲ್ಲಿ ಕೂತು ಯಾವುದರ ಜಂಭ ಕೊಚ್ಚಬೇಕು? ಅವನು ಸಂತನನ್ನು ಹಿಡಿದುಕೊಂಡ. ಅವರ ಮನೆಯ ಒಳಕೋಣೆಯಲ್ಲಿ ಸಂತರ ಚಿತ್ರಗಳನ್ನಿಟ್ಟ ಒಂದು ಮೂಲೆಯಿದೆ, ಮುಂದೆ ಎಣ್ಣೆಯ ದೀಪ ತೂಗುತ್ತದೆ. ಆ ಚಿತ್ರಗಳ ನಡುವೆ ಒಂದು ಬೆಳ್ಳಿಯ ನಾಣ್ಯ ಒರಗಿಸಿಟ್ಟಿದ್ದರು. ದೀಪದ ಮಸಿ ಹಿಡಿದು ಕಪ್ಪಾದ ಆ ಬೆಳ್ಳಿಯ ಮೇಲೆ ಒಂದು ಗಡ್ಡ, ಒಂದು ಕಿರೀಟ ಮಾತ್ರ ಮಸುಕಾಗಿ ತೋರುತ್ತಿತ್ತು. ಅವನೇ ಸಂತ ವಾಸಿಲಿ, ಜನವರಿ ಒಂದನೇ ತಾರೀಖಿನ ಒಡೆಯ. ಪ್ರತಿ ವರ್ಷ ಅವನ ಹಬ್ಬದ ಕೇಕಿನೊಳಗೆ ಆ ನಾಣ್ಯವನ್ನು ಬೇಗಡೆ ಕಾಗದದಲ್ಲಿ ಸುತ್ತಿ ಹುದುಗಿಸುತ್ತಾರೆ. ಯಾರ ತುಂಡಿನಲ್ಲಿ ಸಿಗುತ್ತದೋ ಅವರಿಗೆ ಆ ವರ್ಷವಿಡೀ ಅದೃಷ್ಟ. ಆಮೇಲೆ ಅಜ್ಜಿ ಅದನ್ನು ಇಸಿದುಕೊಂಡು ಮತ್ತೆ ಮೂಲೆಗೆ ಸೇರಿಸುತ್ತಾಳೆ. "ದಿನಾ ಬೆಳಿಗ್ಗೆ ಸಂತನಿಗೆ ಮುತ್ತಿಟ್ಟೇ ನಾನು ಸ್ಟೇರಿಂಗ್ ಮುಟ್ಟೋದು" ಎಂದು ಹಂಬಿಸ್ ಪ್ರಯಾಣಿಕರಿಗೆ ಹೇಳುತ್ತಿದ್ದ. ಬಸ್ಸಿನ ದೀಪ ಕೆಟ್ಟಿದ್ದಕ್ಕೆ ತಡೆದ ಪೊಲೀಸನಿಗೂ ಹೇಳಿದ್ದ. ಪೊಲೀಸ್ ಶಿಲುಬೆಯ ಗುರುತು ಹಾಕಿಕೊಂಡು ಬಿಟ್ಟು ಕಳಿಸಿದ್ದ.

ಡಿಸೆಂಬರ್ ಮೂವತ್ತೊಂದರ ಮಧ್ಯಾಹ್ನ ಹಂಬಿಸ್ ನನ್ನ ಅಂಗಡಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತ.

"ಮೂವತ್ತೊಂದು ಕೇಕು ಕಣೋ," ಎಂದ. "ಹೆಂಡತಿಗೆ ಹತ್ತು ಸಲ ಸಿಕ್ಕಿದೆ. ಅತ್ತೆಗೆ ಎಂಟು. ಮಗಳಿಗೆ ಏಳು. ಮಾವನಿಗೆ ಸಾಯೋ ತನಕ ನಾಲ್ಕು. ನೀನು ಊಟಕ್ಕೆ ಬಂದ ಅತಿಥಿ, ನಿನಗೂ ಒಂದು."

"ಮೂವತ್ತಾಯ್ತು. ಇನ್ನೊಂದು?"

"ಕತ್ತೆಗೆ."

ನಾನು ನಗಲಿಲ್ಲ. ದನಕರುಗಳ ಹೆಸರಿನಲ್ಲೂ ಒಂದು ತುಂಡು ತೆಗೆಯುವುದು ನಮ್ಮಲ್ಲಿ ರೂಢಿ.

"ಆ ವರ್ಷ ಕತ್ತೆ ಅವಳಿ ಮರಿ ಹಾಕ್ತು," ಎಂದ ಹಂಬಿಸ್. "ನನಗೆ ಆ ವರ್ಷ ಗೇರ್ ಬಾಕ್ಸ್ ಹೋಯ್ತು. ಸಂತನಿಗೆ ನಾನು ಏನು ಕಡಿಮೆ ಮಾಡಿದ್ದೀನಿ ಹೇಳು? ಆ ಮನೆಗೆ ನಾನು ಸೇರಿದವನೇ ಅಲ್ಲ ಅಂತ ಅವನಿಗೂ ಅನ್ನಿಸ್ತಿದೆಯೋ ಏನೋ."

ಮಾತು ತಮಾಷೆಯದಾದರೂ ದನಿಯಲ್ಲಿ ನೋವಿತ್ತು. ಅವನನ್ನು ನಗಿಸೋಣ ಎಂದು ನಾನಂದೆ: "ಸಂತನ ಮುಖ ನೋಡಿದ್ದೀಯಾ? ಮಸಿ ಮೆತ್ತಿ ಕಣ್ಣೇ ಮುಚ್ಚಿಹೋಗಿದೆ. ನಿನ್ನ ಗುರುತು ಹೇಗೆ ಹಿಡೀತಾನೆ? ಮುಖ ತೊಳೆಸು."

ನನ್ನ ತಮಾಷೆಗಳನ್ನು ಜನ ನಿಜವೆಂದು ತಿಳಿಯುವುದು ನನ್ನ ಜಾತಕದ ದೋಷ. ಅರ್ಧ ಗಂಟೆಯಲ್ಲಿ ಹಂಬಿಸ್ ಹಿತ್ತಲ ಬಾಗಿಲಿಂದ ಮತ್ತೆ ಬಂದ. ಕರವಸ್ತ್ರದೊಳಗೆ ಸಂತನಿದ್ದ.

"ಅತ್ತೆ ಮಲಗಿದ್ದಾರೆ. ಬೇಗ ನಿಂಬೆಹಣ್ಣು ಕೊಡು, ಬೂದಿ ಕೊಡು."

"ನಿಮ್ಮತ್ತೆ ಇಷ್ಟು ವರ್ಷ ಯಾಕೆ ತೊಳೆದಿಲ್ಲ?"

"ಉಜ್ಜೋಕೇ ಬಿಡಲ್ಲ. ಮಹಿಮೆ ಇರೋದೇ ಮಸೀಲಿ ಅಂತಾರೆ."

ಇಬ್ಬರೂ ಸೇರಿ ಉಜ್ಜಿದೆವು. ಮೊದಲು ಗಡ್ಡ ಬೆಳ್ಳಗಾಯಿತು, ಹಂಬಿಸ್ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಮೂಗು ಬಂತು. ಕಿರೀಟ ಬಂತು. ಉಪವಾಸ ಮಾಡುವ ಸಂತನಿಗೆ ಇರಬಾರದಷ್ಟು ದಪ್ಪ ಕುತ್ತಿಗೆ ಬಂತು. ಕೊನೆಗೆ ಸುತ್ತಲೂ ಅಕ್ಷರ ಬಂದವು. ಹುಡುಗನಾಗಿದ್ದಾಗ ನಾಲ್ಕು ವರ್ಷ ಇಂಗ್ಲಿಷರ ದಂಡಿನ ಕ್ಯಾಂಟೀನಿನಲ್ಲಿ ಕಪ್ಪು ಬಸಿ ತೊಳೆದವನು ನಾನು, ಅವರ ಅಕ್ಷರ ನನಗೆ ಬರುತ್ತದೆ.

"ಏನು ಬರೆದಿದೆ?" ಎಂದ ಹಂಬಿಸ್.

"ಎಡ್ವರ್ಡ್," ಎಂದೆ. "ಏಳನೇ ಎಡ್ವರ್ಡ್."

"ಆ ಹೆಸರಿನ ಸಂತ ಯಾರಿದ್ದಾರೆ?"

"ಸಂತ ಅಲ್ಲ ಕಣೋ. ಇಂಗ್ಲಿಷರ ರಾಜ."

ಹಂಬಿಸ್ ಬಿಡಲಿಲ್ಲ. "ಹಾಗಾದ್ರೆ ಸಂತ ಹಿಂದ್ಗಡೆ ಇರಬೇಕು. ತಿರುಗಿಸು."

ತಿರುಗಿಸಿದೆ. ಹಿಂದೆ ಒಂದು ಗುರಾಣಿ, ಮೇಲೊಂದು ಕಿರೀಟ, ಹದಿನೆಂಟು ಪಿಯಾಸ್ತ್ರೆ ಎಂಬ ಬೆಲೆ, ಸಾವಿರದ ಒಂಬೈನೂರ ಏಳು ಎಂಬ ಇಸವಿ. ಇಂಗ್ಲಿಷರು ನಮ್ಮ ದ್ವೀಪವನ್ನಾಳುತ್ತಿದ್ದಾಗ ಇಲ್ಲಿ ಓಡಾಡಿದ ದುಡ್ಡು. ಈ ರಾಜನ ವಿಚಾರ ಕ್ಯಾಂಟೀನಿನ ಸಾರ್ಜೆಂಟುಗಳು ಹೇಳುತ್ತಿದ್ದ ಕಥೆಗಳು ನನಗೆ ನೆನಪಿದ್ದವು. ಅವುಗಳಲ್ಲಿ ಊಟ ಇತ್ತು, ಸಿಗಾರು ಇತ್ತು, ಕುದುರೆ ಇತ್ತು, ಹೆಂಗಸರಿದ್ದರು. ಉಪವಾಸ ಪ್ರಾರ್ಥನೆಯ ಕಥೆ ಒಂದೂ ಇರಲಿಲ್ಲ. ಅದನ್ನು ನಾನು ಹಂಬಿಸನಿಗೆ ಹೇಳಲು ಹೋಗಲಿಲ್ಲ.

ನಾನು ಹೇಳದೆಯೇ ಅವನು ಬಿಳಿಚಿಕೊಂಡಿದ್ದ. ಯಾಕೆಂದರೆ ಆ ಮನೆ ಎಂಥ ಮನೆ! ಅವನ ಮಾವ ಯೋರ್ಕಿಸ್ ಇಂಗ್ಲಿಷರ ಬಾವುಟ ಹರಿದು ನಾಲ್ಕು ತಿಂಗಳು ಜೈಲಿನಲ್ಲಿದ್ದು ಬಂದವನು. ಇಂಗ್ಲಿಷರು ಗಾಡಿಯನ್ನು ರಸ್ತೆಯ ಎಡಕ್ಕೆ ಓಡಿಸುತ್ತಾರೆಂದು ತನ್ನ ಕತ್ತೆಯನ್ನು ಜೀವಮಾನವಿಡೀ ಬಲಕ್ಕೇ ಓಡಿಸಿದವನು, ಎರಡು ಸಲ ಹಂಬಿಸನ ಬಸ್ಸಿಗೇ ಎದುರಾದವನು. ಅವನ ಹೆಸರಿನಲ್ಲಿ ನಮ್ಮೂರಲ್ಲಿ ಒಂದು ನಲ್ಲಿ ಕಟ್ಟೆ ಇದೆ. ಆ ಮನೆಯ ದೇವರ ಮೂಲೆಯಲ್ಲಿ ಇಂಗ್ಲಿಷರ ರಾಜ ಕೂತು ದಿನಾ ಮುತ್ತು ಪಡೆಯುತ್ತಿದ್ದ!

"ಅತ್ತೆಗೆ ಗೊತ್ತಾದ್ರೆ ಅಲ್ಲೇ ಪ್ರಾಣ ಬಿಡ್ತಾರೆ," ಎಂದ ಹಂಬಿಸ್. "ಬೇಸಿಗೇಲಿ ಡಾಕ್ಟರು ಏನಂದಿದ್ರು? ಎಂಬತ್ನಾಲ್ಕು ವಯಸ್ಸು, ಹೃದಯ ಸರಿ ಇಲ್ಲ, ಆಘಾತದ ಸುದ್ದಿ ಏನೂ ಹೇಳಬೇಡಿ ಅಂತ. ಮಗಳು ಕೂದಲು ಕತ್ತರಿಸಿದ್ದನ್ನೇ ಮೂರು ತಿಂಗಳು ಮುಚ್ಚಿಟ್ವಿ. ಇದನ್ನ ಹೇಗೆ ಹೇಳೋದು? ಮಾವನ ಹೆಸರು? ಊರು ನಕ್ಕು ಸಾಯತ್ತೆ. ಉಜ್ಜಿದೋನು ನಾನು, ಪಾಪ ಎಲ್ಲ ನನಗೇ."

ಆಗ ನಾನು ಬುದ್ಧಿ ಹೇಳಿದೆ. "ಹೆದರಬೇಡ. ಇವನನ್ನ ಒಂದು ವಾರ ಎಣ್ಣೆ ದೀಪದ ಮೇಲೆ ಹಿಡಿದ್ರೆ ಮತ್ತೆ ಮಸಿಯಾಗಿ ಸಂತ ಆಗ್ತಾನೆ. ಅಲ್ಲಿಗಂಟ ಜೇಬಲ್ಲಿಟ್ಕೋ. ಕೇಕಿಗೆ ಬೇರೆ ಏನಾದ್ರೂ ಸುತ್ತಿ ಕೊಡು, ಅಜ್ಜಿ ಕಣ್ಣು ಮಂಜು, ಗೊತ್ತಾಗಲ್ಲ. ನಿಮ್ಮನೇಲಿ ಬೇಗಡೆ ಬಿಚ್ಚಿ ನೋಡೋ ಪದ್ಧತಿ ಇಲ್ಲ, ಸಿಕ್ಕಿದವರು ಹಾಗೇ ಅಜ್ಜಿ ಕೈಗೆ ಕೊಡ್ತಾರೆ. ನನಗೆ ಸಿಕ್ಕಾಗ ನಾನೂ ಹಾಗೇ ಕೊಟ್ಟೆ. ಈ ಸಲ ನೀನು ಎದ್ದು, 'ಕೊಡಿ ಅತ್ತೇ, ನಾನೇ ಮೂಲೆಗಿಡ್ತೀನಿ' ಅನ್ನು. ಮುಗೀತು."

ನನ್ನ ಗಲ್ಲಾಪೆಟ್ಟಿಗೆಯಿಂದ ಎರಡು ಸೆಂಟಿನ ನಾಣ್ಯ ತೆಗೆದು, ದೊಡ್ಡದಾಗಿ ಕಾಣಲೆಂದು ಬೇಗಡೆ ಎರಡು ಸುತ್ತು ಸುತ್ತಿ ಕೊಟ್ಟೆ. ಅಂಥ ಒಳ್ಳೆಯ ಉಪಾಯ ನನಗೆ ಬಹಳ ದಿನಗಳಿಂದ ಹೊಳೆದಿರಲಿಲ್ಲ.

ಮಾರನೆಯ ದಿನ ಚರ್ಚು ಮುಗಿಸಿ ಅವರ ಮನೆಗೆ ಊಟಕ್ಕೆ ಹೋದೆ. ಹಂಬಿಸನ ಹೆಂಡತಿ ಮಿರೋಫೋರಾ ಕುರಿ ಮಾಂಸ ಬೇಯಿಸಿದ್ದಳು, ಮಗಳು ಕ್ರಿಸ್ತಾಲ್ಲಾ ಪೇಟೆಯಿಂದ ಬಂದಿದ್ದಳು. ಅಂಗಳದ ಒಲೆಯಿಂದ ಕೇಕಿನ ತಟ್ಟೆ ಹೊತ್ತು ತಂದವನು ಹಂಬಿಸನೇ. ಕೇಕಿನ ಮೇಲೆ ಎಳ್ಳು ಉದುರಿಸಿ, ಬಾದಾಮಿಗಳಿಂದ ಇಸವಿ ಬರೆದಿದ್ದರು. ಬರುವ ದಾರಿಯಲ್ಲಿ ಅವನು ಅಂಚಿನಲ್ಲಿ ಒಂಟಿಯಾಗಿದ್ದ ಒಂದು ಬಾದಾಮಿ ಕಿತ್ತು ಬಾಯಿಗೆ ಹಾಕಿಕೊಂಡ. ಗಾಬರಿಯಾದಾಗ ಏನಾದರೂ ಮೆಲ್ಲುವುದು ಅವನ ಹಳೆಯ ಚಾಳಿ.

ಥೆಕ್ಲಜ್ಜಿ ಚಾಕುವಿನಿಂದ ಕೇಕಿನ ಮೇಲೆ ಮೂರು ಸಲ ಶಿಲುಬೆಯ ಗುರುತು ಹಾಕಿದಳು. ತಟ್ಟೆ ತಿರುಗಿಸಿದಳು. ಬಗ್ಗಿ ನೋಡಿ ಮತ್ತೆ ತಿರುಗಿಸಿದಳು. "ಇಲ್ಲೊಂದು ಬಾದಾಮಿ ಇತ್ತಲ್ಲ" ಎಂದು ಗೊಣಗಿದಳು. ಎಲ್ಲರೂ ಕಾಯುತ್ತಿದ್ದುದರಿಂದ ಕೊನೆಗೆ ನಿಟ್ಟುಸಿರು ಬಿಟ್ಟು ಕೊಯ್ದಳು. ಕ್ರಿಸ್ತನಿಗೆ ಒಂದು, ದೇವಮಾತೆಗೆ ಒಂದು, ಮನೆಗೆ ಒಂದು, ಆಡುಗಳಿಗೆ ಒಂದು, ತನಗೆ ಒಂದು. ಆಮೇಲೆ, "ತಗೊಳ್ಳಿ ಅಳಿಯಂದಿರೇ."

ಹಂಬಿಸ್ ಕಚ್ಚಿದ. ಹಲ್ಲಿಗೆ ಬೇಗಡೆ ಸಿಕ್ಕಿ ಚರ್ ಎಂದಿತು.

ಆ ಮುಖವನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಮೊದಲು ಅದು ಅರಳಿತು. ಮೂವತ್ತೊಂದು ವರ್ಷ ಕಾದ ಅದೃಷ್ಟ ಬಾಯಿಗೆ ಬಂದಿತ್ತು. ಮರುಕ್ಷಣ ಆ ಅದೃಷ್ಟ ನನ್ನ ಗಲ್ಲಾಪೆಟ್ಟಿಗೆಯ ಎರಡು ಸೆಂಟು ಎಂಬುದು ನೆನಪಾಯಿತು. ಎಲ್ಲರಿಗೂ ಆ ಚರ್ ಸದ್ದು ಕೇಳಿಸಿತ್ತು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅಜ್ಜಿ ಆಗಲೇ ಕೈ ಚಾಚಿದ್ದಳು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ ಉಗುಳುವ ಹಾಗೂ ಇಲ್ಲ ಅನ್ನುತ್ತಾರಲ್ಲ, ಹಂಬಿಸ್ ಎರಡರಲ್ಲಿ ಒಂದನ್ನು ಆರಿಸಿಕೊಂಡ.

"ನುಂಗಿಬಿಟ್ಟೆ," ಎಂದ.

"ಏನ್ರೀ!" ಎಂದು ಮಿರೋಫೋರಾ ಅವನ ಬೆನ್ನಿಗೆ ಗುದ್ದಿದಳು. ಮಗಳು ಅವನನ್ನು ಬಗ್ಗಿಸಿ ಅಲ್ಲಾಡಿಸಿದಳು. ಥೆಕ್ಲಜ್ಜಿ ಎದೆಗೆ ಕೈಯಿಟ್ಟುಕೊಂಡು, "ಅಷ್ಟು ದೊಡ್ಡದನ್ನ? ಅಳಿಯಂದಿರೇ, ಅಷ್ಟು ದೊಡ್ಡದನ್ನ ಹೇಗೆ ನುಂಗಿದ್ರಿ?" ಎಂದು ಕೂಗಿ ದೇವರ ಮೂಲೆಯ ಮುಂದೆ ಕುಸಿದು ಕೂತಳು.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಸಂಜೆಯೊಳಗೆ ಹಂಬಿಸ್ ಸಂತನನ್ನು ನುಂಗಿದ್ದು ಪಕ್ಕದ ಮೂರು ಊರಿಗೆ ಗೊತ್ತಾಯಿತು. ಊರ ಮುಖ್ಯಸ್ಥ ಮುಖ್ತಾರ ಸೂಟು ಹಾಕಿಕೊಂಡು ಬಂದ. ಪಾದ್ರಿ ಸಾವ್ವಾಸ್ ಕೂಡ ಬಂದರು. ಮಿರೋಫೋರಾ ಎಲ್ಲರ ಎದುರಿಗೆ ಕೇಳಬೇಕಾದ ಪ್ರಶ್ನೆಯನ್ನು ಕೇಳಿಯೇಬಿಟ್ಟಳು.

"ಗುರುಗಳೇ, ಒಳಗೆ ಸಂತ ಇರುವಾಗ ಇವರು ಕಕ್ಕಸಿಗೆ ಹೋಗಬಹುದಾ?"

ಪಾದ್ರಿ ಗಡ್ಡ ನೀವಿಕೊಂಡರು. "ಈ ವಿಷಯದಲ್ಲಿ ಧರ್ಮಸಭೆಗಳು ಏನೂ ತೀರ್ಮಾನ ಮಾಡಿಲ್ಲಮ್ಮ. ಹೋಗಬಹುದು. ಆದ್ರೆ ಹಾಡುಗೀಡು ಹೇಳ್ಕೊಂಡು ಕೂರೋದು ಬೇಡ."

"ಎಲ್ಲಿಗೆ ಹೋದರೂ ಒಬ್ಬ ಸಾಕ್ಷಿ ಇರಬೇಕು," ಎಂದ ಮುಖ್ತಾರ. "ಸಂತ ಊರಿನ ಆಸ್ತಿ."

ಮಾರನೆಯ ದಿನ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಪೇಟೆಯಲ್ಲಿ ಯಾವ ಕೆಲಸವೂ ಇಲ್ಲದ ಮುದುಕಿಯರು ಟಿಕೆಟು ಕೊಳ್ಳುವ ನೆಪದಲ್ಲಿ ಅವನ ಹೊಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಲಾಟರಿ ಮಾರುವವನು ತನ್ನ ಚೀಟಿಯ ಕಟ್ಟನ್ನೆಲ್ಲ ಅವನ ಹೊಟ್ಟೆಗೆ ಉಜ್ಜಿಕೊಂಡು ಹೋದ. ಊರಿಗೆ ಅವನು ಮೊದಲ ಸಲ ದೊಡ್ಡ ಮನುಷ್ಯನಾಗಿದ್ದ, ಅದನ್ನು ಅನುಭವಿಸುವ ಸ್ಥಿತಿಯಲ್ಲಿ ಮಾತ್ರ ಇರಲಿಲ್ಲ. ಅವನ ಪ್ಯಾಂಟಿನ ಒಳಜೇಬಿನಲ್ಲಿ ಏಳನೇ ಎಡ್ವರ್ಡ್ ತೊಡೆಗೆ ಒತ್ತುತ್ತ ಕೂತಿದ್ದ.

ಅದೇ ಬಸ್ಸಿನಲ್ಲೇ ಅವನನ್ನು ಆಸ್ಪತ್ರೆಗೂ ಕರೆದೊಯ್ದೆವು. ಬಸ್ಸು ಓಡಿಸಿದವನು ರೋಗಿಯೇ. ಎಕ್ಸರೇ ತೆಗೆಯಲು ಪ್ಯಾಂಟು ಬಿಚ್ಚಿ ಎಂದಾಗ ಅವನು ಪ್ಯಾಂಟನ್ನು ನನ್ನ ಕೈಗೆ ಕೊಟ್ಟ. ನಾನದನ್ನು ಮಗುವಿನಂತೆ ಎದೆಗೆ ಅವುಚಿಕೊಂಡು ನಿಂತೆ. ಎಳೆಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, "ನಾಣ್ಯ ಇದೆ. ಆದ್ರೆ ಭಾರಿ ದೊಡ್ಡದು ಅಂದ್ರಿ, ಇದು ಚಿಕ್ಕದಲ್ವಾ? ಎರಡು ಸೆಂಟಿನಷ್ಟಿದೆ," ಎಂದರು.

ನಾನು ಪ್ಯಾಂಟನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡೆ. ನಮ್ಮನ್ನು ಉಳಿಸಿದವನು ಸಾಕ್ಷಿಯಾಗಿ ಜೊತೆಗೆ ಬಂದಿದ್ದ ಮುಖ್ತಾರ.

"ನೋಡಿದ್ರಾ?" ಎಂದು ಅವನು ಟೋಪಿ ತೆಗೆದ. "ಭಕ್ತನ ಕರುಳು ಹರೀಬಾರದು ಅಂತ ಸಂತ ಚಿಕ್ಕದಾಗಿದ್ದಾನೆ!"

ವೆರಾಂಡದಲ್ಲಿದ್ದ ರೋಗಿಗಳೂ ಎದ್ದು ಶಿಲುಬೆಯ ಗುರುತು ಹಾಕಿಕೊಂಡರು. ಡಾಕ್ಟರು ಅಂಜೂರ ತಿನ್ನಲು ಹೇಳಿ, ನಾಲ್ಕೈದು ದಿನದಲ್ಲಿ ಬರದಿದ್ದರೆ ಕೊಯ್ಯಬೇಕಾಗುತ್ತದೆ ಎಂದರು. ವಾಪಸ್ಸು ಬರುವಾಗ ಮುಖ್ತಾರ ಇನ್ನೊಂದು ಬಾಂಬು ಹಾಕಿದ. ಸಂತ ಹೊರಗೆ ಬಂದ ಕೂಡಲೇ ಗಂಧದೆಣ್ಣೆಯಲ್ಲಿ ತೊಳೆದು, ಚೆನ್ನಾಗಿ ಹೊಳಪು ಕೊಡಿಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಚರ್ಚಿನಲ್ಲಿ ಊರಿಗೆಲ್ಲ ತೋರಿಸಬೇಕು, ಪಕ್ಕದಲ್ಲಿ ಯೋರ್ಕಿಸನ ಫೋಟೋ ಇಡಬೇಕು ಎಂದು. ಹಂಬಿಸ್ ಒಂದು ತಿರುವಿನಲ್ಲಿ ಬಸ್ಸನ್ನು ಮಾವನ ಹಾಗೆ ಬಲಕ್ಕೆ ಓಡಿಸಿದ.

ನಾಲ್ಕನೆಯ ತಾರೀಖು ಬೆಳಿಗ್ಗೆ ಅವನು ನನ್ನ ಅಂಗಡಿಯ ಹಿಂಬಾಗಿಲಿಗೆ ಬಂದ. "ಬಂತು," ಎಂದ. ಸಾಕ್ಷಿಯಾಗಿ ಬೇಲಿಯಾಚೆ ಕೂರಿಸಿದ್ದ ಮುದುಕ ತೂಕಡಿಸುವಾಗ ಬಂದಿತ್ತಂತೆ. ಮುಖದಲ್ಲಿ ಅರ್ಧ ನಿರಾಳ, ಅರ್ಧ ಸಂಕಟ.

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು? ಅತ್ತೆ ಮೂರು ದಿನದಿಂದ ಒಂದು ತುತ್ತು ಸರಿಯಾಗಿ ತಿಂದಿಲ್ಲ. ಮೂಲೇಲಿ ಕೂತು ಅಳ್ತಾರೆ. ನನಗೆ ನೋಡೋಕಾಗಲ್ಲ ಕಣೋ. ಇದನ್ನ ತೋರಿಸಿದ್ರೆ ಎರಡು ಸೆಂಟು, ಅದನ್ನ ತೋರಿಸಿದ್ರೆ ಇಂಗ್ಲಿಷ್ ರಾಜ. ಏನೂ ತೋರಿಸದಿದ್ರೆ ನನ್ನ ಹೊಟ್ಟೆ ಕೊಯ್ತಾರೆ."

ಮತ್ತೆ ನಾನೇ ಬುದ್ಧಿ ಹೇಳಬೇಕಾಯಿತು. ನಾಳೆ ಐದನೆಯ ತಾರೀಖು, ದೀಕ್ಷಾಸ್ನಾನದ ಹಬ್ಬದ ಮುನ್ನಾದಿನ. ಪಾದ್ರಿ ಪವಿತ್ರ ನೀರಿನ ತಾಮ್ರದ ಬಾಲ್ದಿ ಹಿಡಿದು ಮನೆಮನೆಗೆ ಬರುತ್ತಾರೆ, ತುಳಸಿಯಂಥ ಸೊಪ್ಪಿನ ಕಟ್ಟನ್ನು ಅದ್ದಿ ನೀರು ಚಿಮುಕಿಸುತ್ತಾರೆ. ಮನೆಯವರು ಆ ಬಾಲ್ದಿಯ ನೀರಿಗೆ ಚಿಲ್ಲರೆ ಹಾಕುತ್ತಾರೆ. "ಊರ ಚಿಲ್ಲರೆ ಜೊತೆ ರಾಜನನ್ನೂ ಮೆಲ್ಲಗೆ ಹಾಕಿಬಿಡು," ಎಂದೆ. "ಆಮೇಲೆ ಹೇಳು: ಬಂತು, ತೊಳೆದೆ, ಹರಕೆ ಹೊತ್ತಿದ್ದೆ, ಚರ್ಚಿಗೆ ಒಪ್ಪಿಸಿದೆ ಅಂತ. ಅಜ್ಜಿಗೆ ಸಂತ ಚರ್ಚು ಸೇರಿದ ಸಮಾಧಾನ. ಯಾರಿಗೂ ಏನೂ ಕಾಣಲ್ಲ."

ಮರುದಿನ ಮಧ್ಯಾಹ್ನ ಪಾದ್ರಿ ಬರುವ ಹೊತ್ತಿಗೆ ನಾನೂ ಅಲ್ಲಿದ್ದೆ. ಮಿರೋಫೋರಾ ಹಬ್ಬದ ಸಿಹಿ ಉಂಡೆ ಕರಿಯುತ್ತಿದ್ದಳು. ಕ್ರಿಸ್ಮಸ್ಸಿಗೆ ಊರೊಳಗೆ ಬಂದು ಈ ಹಬ್ಬಕ್ಕೆ ಊರು ಬಿಡುತ್ತವೆಂದು ನಮ್ಮವರು ನಂಬುವ ಕುಳ್ಳ ಭೂತಗಳಿಗೆಂದು ನಾಲ್ಕನ್ನು ಮಾಡಿನ ಮೇಲೆ ಎಸೆದೂ ಆಗಿತ್ತು. ಥೆಕ್ಲಜ್ಜಿ ಗೋಡೆಗೊರಗಿ ಕೂತಿದ್ದಳು, ಅತ್ತು ಅತ್ತು ಕಣ್ಣು ಊದಿತ್ತು. ಪಾದ್ರಿ ಮೂಲೆಮೂಲೆಗೆ ನೀರು ಚಿಮುಕಿಸಿದರು. ಮಿರೋಫೋರಾ ಚಿಲ್ಲರೆ ಹಾಕಿದಳು, ಟಿಣ್ ಎಂದಿತು. ನಾನು ಹಾಕಿದೆ, ಟಿಣ್ ಎಂದಿತು. ಹಂಬಿಸ್ ಕಣ್ಣು ಮುಚ್ಚಿಕೊಂಡು ಮುಷ್ಟಿ ಬಿಚ್ಚಿದ.

ಠಣ್!

ಹದಿನೆಂಟು ಪಿಯಾಸ್ತ್ರೆಯ ಗಟ್ಟಿ ಬೆಳ್ಳಿ ತಾಮ್ರದ ತಳಕ್ಕೆ ಬಡಿದ ಸದ್ದು ಮನೆಯೆಲ್ಲ ಮೊಳಗಿತು. ಥೆಕ್ಲಜ್ಜಿಯ ಕಣ್ಣು ಮಂಜಾಗಿರಬಹುದು, ಕಿವಿ ಮಂಜಾಗಿಲ್ಲ. ಗೋಡೆ ಬಿಟ್ಟು ನೆಟ್ಟಗೆ ಕೂತಳು.

"ಅದು ನಮ್ಮ ರಾಜ!" ಎಂದಳು.

ಸಂತ ಎನ್ನಲಿಲ್ಲ ಅವಳು, ರಾಜ ಎಂದಳು. ಬಾಲ್ದಿಗೆ ಮೊಣಕೈ ತನಕ ಕೈಹಾಕಿ, ತಡಕಾಡಿ, ಬೆಳ್ಳಿಯನ್ನು ಎತ್ತಿ ಹಿಡಿದಳು. ಉಜ್ಜಿಸಿಕೊಂಡ ಎಡ್ವರ್ಡ್ ಫಳಫಳ ಹೊಳೆಯುತ್ತಿದ್ದ.

"ಹಾಗಾದ್ರೆ ನುಂಗಿದ್ದೇನು?" ಎಂದಳು ಅಜ್ಜಿ.

"ಎರಡು ಸೆಂಟು," ಎಂದ ಹಂಬಿಸ್. "ಆಚೆ ಬಂತು. ಅತ್ತೇ, ನಿಮಗೆ ಗೊತ್ತಾ? ಅದು ಸಂತ ಅಲ್ಲ ಅಂತ?"

"ನನ್ನಪ್ಪ ಒಂದು ವಾರ ಇಂಗ್ಲಿಷರ ರಸ್ತೆಗೆ ಕಲ್ಲು ಹೊತ್ತು ತಂದ ಕೂಲಿ ಅದು. ನನಗೆ ಗೊತ್ತಿಲ್ದೆ ಇರತ್ತಾ?"

"ಮಿರೋ, ನಿನಗೆ?"

ಮಿರೋಫೋರಾ ಜಾಲರಿ ಸೌಟು ಹಿಡಿದುಕೊಂಡು ನೆಲ ನೋಡಿದಳು. ಬಾಗಿಲಲ್ಲಿದ್ದ ಮಗಳೂ ನೆಲ ನೋಡಿದಳು. ಪಾದ್ರಿ ಮಾಡು ನೋಡಿದರು. ಆ ಕೋಣೆಯಲ್ಲಿ ಗೊತ್ತಿಲ್ಲದಿದ್ದವರು ಇಬ್ಬರೇ, ಹಂಬಿಸ್ ಮತ್ತು ಅವನಿಗೆ ಬುದ್ಧಿ ಹೇಳುವ ನಾನು.

"ಮತ್ತೆ ಸಂತ ಅಂತ ಯಾಕೆ ಅಂದ್ರಿ?" ಎಂದು ಹಂಬಿಸ್ ಕೂಗಿದ.

"ನಾವೆಲ್ಲಿ ಅಂದ್ವಿ? ನೀನು ಅಂದಿದ್ದು!" ಎಂದಳು ಥೆಕ್ಲಜ್ಜಿ. "ಹೆಣ್ಣು ಕೇಳೋಕೆ ಬಂದಿದ್ದೆ ಅವತ್ತು. ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗ್ದೆ ದೇವರ ಮೂಲೆಗೆ ಹೋಗಿ ನಿಂತೆ. ಕೇಕಿಗೆ ಹಾಕೋ ಬೆಳ್ಳಿ ಕಳೆದುಹೋಗಬಾರ್ದು ಅಂತ ನಾನದನ್ನ ಅಲ್ಲಿಟ್ಟಿದ್ದೆ. ಅಷ್ಟು ಸಂತರನ್ನ ಬಿಟ್ಟು ನೀನು ಅದನ್ನೇ ಎತ್ಕೊಂಡೆ. ಕಣ್ಣಲ್ಲಿ ನೀರು ತುಂಬ್ಕೊಂಡು ಮುತ್ತಿಟ್ಟು, 'ಸಂತ ವಾಸಿಲಿಯೇ, ನನ್ನನ್ನ ಈ ಮನೆಗೆ ಸೇರಿಸ್ಕೋ' ಅಂದೆ. ನನ್ನ ಗಂಡ ಅಡುಗೆಮನೆಗೆ ಓಡಿಹೋಗಿ ಬಾಯಿಗೆ ಟವೆಲ್ ತುರುಕ್ಕೊಂಡು ನಕ್ಕ. ಆಮೇಲೆ ನನ್ನ ಕಿವೀಲಿ, 'ಹುಡುಗ ಒಳ್ಳೆಯೋನು, ಈಗ ಹೇಳಿದ್ರೆ ನಾಚಿಕೊಂಡು ಓಡಿಹೋಗ್ತಾನೆ, ಮದುವೆ ಆದ್ಮೇಲೆ ಹೇಳೋಣ' ಅಂದ."

"ಮದುವೆ ಆದ್ಮೇಲೆ ಯಾಕೆ ಹೇಳ್ಲಿಲ್ಲ?"

"ದಿನಾ ಬೆಳಿಗ್ಗೆ ಮುತ್ತಿಡ್ತಿದ್ದೆ. ಯಾವ ಬಾಯಲ್ಲಿ ಹೇಳೋದು? ನಿನ್ನ ಜೊತೆ ನಾವೂ ಮುತ್ತಿಡಬೇಕಾಯ್ತು."

"ಮಾವನೂ? ಇಂಗ್ಲಿಷ್ ರಾಜನಿಗೆ?"

"ಅಪ್ಪ ಹಾಗೆ ಬಗ್ಗಿ ಪಕ್ಕದ ಸಂತ ಜಾರ್ಜ್‌ಗೆ ಇಡ್ತಿದ್ರು ರೀ," ಎಂದಳು ಮಿರೋಫೋರಾ.

ಒಂದೊಂದಾಗಿ ಎಲ್ಲವೂ ಹೊರಬಂತು. ಮಸಿ ತೊಳೆಯಲು ಬಿಡದಿದ್ದುದು ಅದಕ್ಕೇ. ಅಂಚಿನ ಆ ಒಂಟಿ ಬಾದಾಮಿ ಅಜ್ಜಿಯ ಗುರುತು, ನಾಣ್ಯ ಎಲ್ಲಿದೆಯೆಂದು ತಿಳಿಯಲು. ಹಂಬಿಸನ ಕೈಗೆ ಸಿಕ್ಕಿದರೆ ಖುಷಿಯಲ್ಲಿ ಉಜ್ಜಿ ನೋಡುತ್ತಾನೆ, ಮನಸ್ಸು ಮುರಿದುಕೊಳ್ಳುತ್ತಾನೆ ಎಂದು ಮೂವತ್ತೊಂದು ವರ್ಷ ತಟ್ಟೆ ತಿರುಗಿಸಿದ್ದಳು. ಒಮ್ಮೆ ಲೆಕ್ಕ ತಪ್ಪಿ ಅವನ ಪಾಲಿಗೇ ಬಂದಾಗ ಕೊನೆಯ ಗಳಿಗೆಯಲ್ಲಿ ಕತ್ತೆಗೆ ಹಾಕಿದ್ದಳು.

ಹಂಬಿಸ್ ಕುರ್ಚಿಯಲ್ಲಿ ಕುಸಿದ. "ಹಾಗಾದ್ರೆ ಈ ನಾಲ್ಕು ದಿನ ಅತ್ತಿದ್ದು? ಸಂತ ಹೋದ ಅಂತ ಅಲ್ವಾ?"

"ಆ ರಾಜ ಸತ್ತು ಎಂಬತ್ತು ವರ್ಷ ಆಯ್ತು, ಅವನಿಗೆ ನಾನ್ಯಾಕೆ ಅಳಲಿ?" ಎಂದಳು ಥೆಕ್ಲಜ್ಜಿ. ಅವಳ ದನಿ ಒಡೆಯಿತು. "ಬೆಳ್ಳಿ ಹೋದ್ರೆ ಹೋಗಲಿ, ನನ್ನ ಮಗನ ಹೊಟ್ಟೆ ಕೊಯ್ಯೋದು ಬೇಡ ಅಂತ ಅತ್ತಿದ್ದು ಕಣೋ, ದಡ್ಡ! ನನ್ನ ಹೃದಯ ನಿಲ್ಲಿಸೋಕೆ ಬೇರೆ ಸುದ್ದಿ ಬೇಕಿತ್ತಾ?"

ಮೂವತ್ತೊಂದು ವರ್ಷದಲ್ಲಿ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅಂದೇ ಮೊದಲು. ಮಗ ಅಂದದ್ದೂ ಮೊದಲು, ದಡ್ಡ ಅಂದದ್ದೂ ಮೊದಲು. ಹಂಬಿಸ್ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಜೋರಾಗಿ ಅತ್ತ, ಅಳುತ್ತಲೇ ನಕ್ಕ. ಮಿರೋಫೋರಾಳ ಉಂಡೆಗಳು ಎಣ್ಣೆಯಲ್ಲಿ ಸೀದುಹೋದವು, ಯಾರೂ ಗಮನಿಸಲಿಲ್ಲ. ನನಗೂ ಕಣ್ಣು ಒದ್ದೆಯಾಗಿತ್ತು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಪಾದ್ರಿ ಮೆಲ್ಲಗೆ ಕೆಮ್ಮಿ, ಬಾಲ್ದಿಗೆ ಬಿದ್ದದ್ದು ಚರ್ಚಿನದು ಎಂದರು. ಹಂಬಿಸ್ ಕಣ್ಣೊರೆಸಿಕೊಂಡು, "ಇದನ್ನ ತಗೊಂಡು ಅದನ್ನ ಬಿಡಿ ಗುರುಗಳೇ," ಎಂದು ಜೇಬಿನಿಂದ ಎರಡು ಸೆಂಟು ತೆಗೆದ.

"ಇದು ಆ ಎರಡು ಸೆಂಟಾ?"

"ಅದೇ."

ಪಾದ್ರಿ ಎರಡು ಹೆಜ್ಜೆ ಹಿಂದೆ ಸರಿದು, ರಾಜನನ್ನು ಮನೆಯವರಿಗೇ ಬಿಟ್ಟು, ಬಾಲ್ದಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹೊರಟರು. ಸಂತ ಬಂದ, ಮನೆಗೇ ಸೇರಿದ, ಪ್ರದರ್ಶನ ಅವನಿಗೆ ಇಷ್ಟವಿಲ್ಲವಂತೆ ಎಂದು ಮುಖ್ತಾರನಿಗೆ ಹೇಳಿದವರೂ ಅವರೇ. ಪಾದ್ರಿಗಳು ಹೇಳಿದ ಮೇಲೆ ಅದನ್ನು ಸುಳ್ಳೆನ್ನಲು ನಾನು ಯಾರು?

ಮಾರನೆಯ ದಿನ, ಹಬ್ಬದ ಮಧ್ಯಾಹ್ನ, ಥೆಕ್ಲಜ್ಜಿ ಎರಡನೆಯ ಕೇಕು ಮಾಡಿಸಿದಳು. ಒಂದೇ ವರ್ಷಕ್ಕೆ ಎರಡು ಕೇಕು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ. ಅಂಚಿನಲ್ಲಿ ಒಂಟಿ ಬಾದಾಮಿ ಇತ್ತು, ಅದನ್ನು ಕೀಳಬಾರದೆಂದು ತಟ್ಟೆಯನ್ನು ನನ್ನ ಕೈಲಿ ಹೊರಿಸಿದರು. ಅಜ್ಜಿ ಎಲ್ಲರೆದುರಿಗೆ, ಯಾವ ಸಂಕೋಚವೂ ಇಲ್ಲದೆ, ಬಾದಾಮಿ ಹಂಬಿಸನ ಕಡೆ ಬರುವವರೆಗೆ ತಟ್ಟೆ ತಿರುಗಿಸಿ ಕೊಯ್ದಳು. ಹಂಬಿಸ್ ಕಚ್ಚಲಿಲ್ಲ. ಬೆರಳಿನಿಂದ ತುಂಡು ಬಿಡಿಸಿ, ಬೇಗಡೆ ತೆಗೆದು, ರಾಜನನ್ನು ಅಂಗೈ ಮೇಲಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ ಎತ್ತಿ ಮುತ್ತಿಟ್ಟ.

"ಅದು ಇಂಗ್ಲಿಷರ ರಾಜ ಕಣೋ," ಎಂದೆ ನಾನು.

"ಗೊತ್ತು," ಎಂದ ಹಂಬಿಸ್. "ಈ ಮನೆಗೆ ಸೇರಿಸ್ಕೋ ಅಂತ ಇವನನ್ನೇ ಕೇಳಿದ್ದೆ. ಸೇರಿಸಿದ ತಾನೇ?"

ರಾಜನನ್ನು ಮತ್ತೆ ದೀಪದ ಕೆಳಗೆ, ಸಂತ ಜಾರ್ಜ್‌ನ ಪಕ್ಕಕ್ಕೆ ಒರಗಿಸಿದ್ದಾಯಿತು. ಊಟ ಮುಗಿದ ಮೇಲೆ ಥೆಕ್ಲಜ್ಜಿ ಪೊರಕೆ ಹಿಡಿದು ಬಂದಳು.

"ಲೋ ಹಂಬಿಸ್, ಕಾಲೆತ್ತೋ, ಗುಡಿಸಬೇಕು."

ಹಂಬಿಸ್ ಎದ್ದು ಹೋಗಲಿಲ್ಲ. ಅತ್ತೆಯ ಕುರ್ಚಿಯಲ್ಲಿ ಕೂತಲ್ಲೇ ಎರಡೂ ಕಾಲು ಎತ್ತಿ ಹಿಡಿದು, ಅವಳು ಕೆಳಗೆಲ್ಲ ಗುಡಿಸಿ ಮುಗಿಸುವ ತನಕ ನಗುತ್ತ ಕೂತಿದ್ದ.